ಏದುಸಿರು

ನನ್ನ ಬಾಲ್ಯ ಕಳೆದದ್ದು ಮೂಡುಬಿದಿರೆಯಲ್ಲಿ. ಸಾವಿರ ಕಂಬದ ಬಸದಿಯಿಂದ ಅನತಿ ದೂರದಲ್ಲಿ ನಮ್ಮ ಹಂಚಿನ ಮನೆ. ಮಳೆಗಾಲದ ನಾಲ್ಕು ತಿಂಗಳು ಸೌದೆ ಒಣಗುವುದೆಂಬುದೇ ಇರಲಿಲ್ಲ. ಹಸಿ ಸೌದೆಯ ಒಲೆಯ ಮುಂದೆ ಕುಳಿತು, ಕಣ್ಣೊರೆಸಿಕೊಳ್ಳುತ್ತ ಊದುಗೊಳವೆಯಿಂದ ಊದುತ್ತಿದ್ದ ಅಮ್ಮನ ಚಿತ್ರ ಇಂದಿಗೂ ನನ್ನ ಮನಸ್ಸಿನಲ್ಲಿದೆ. ಅಡುಗೆಮನೆಯ ಮಾಡು ಮಸಿ ಹಿಡಿದು ಕಪ್ಪಾಗಿತ್ತು. ಆ ಮಸಿಯ ಒಂದು ಪಾಲು ಅವಳ ಎದೆಯೊಳಗೂ ಇಳಿಯುತ್ತಿದ್ದೀತೆಂದು ಮನೆಯಲ್ಲಿ ಯಾರಿಗೂ ತೋಚಲಿಲ್ಲ. ನಲವತ್ತು ದಾಟುವಷ್ಟರಲ್ಲಿ ಒಂದು ಕೊಡ ನೀರು ತಂದರೆ ಸಾಕು, ಜಗಲಿಯಲ್ಲಿ ಕುಳಿತುಬಿಡುತ್ತಿದ್ದಳು. ಕೇಳಿದರೆ, "ಏನಿಲ್ಲ ಮಗಾ, ಸ್ವಲ್ಪ ದಮ್ಮು" ಎನ್ನುತ್ತಿದ್ದಳು.

ದಮ್ಮು, ಉಬ್ಬಸ, ಗೂರಲು, ಏದುಸಿರು, ಮೇಲುಸಿರು — ಉಸಿರಿನ ಕಷ್ಟಕ್ಕೆ ನಮ್ಮ ಭಾಷೆಯಲ್ಲಿ ಹೆಸರುಗಳ ಬಡತನವಿಲ್ಲ. ಆದರೆ ಹೆಸರು ಬಲ್ಲವರೆಲ್ಲ ಕಷ್ಟವನ್ನು ಗುರುತಿಸಬಲ್ಲರೆಂದು ಹೇಳಲಾಗದು. ಕನ್ನಡ ಎಂ.ಎ. ಓದಿ ಅಧ್ಯಾಪಕನಾದ ನನಗೆ ಈ ಸಂಗತಿಯನ್ನು ತಿಳಿಸಿಕೊಟ್ಟವನು ಒಬ್ಬ ವಿದ್ಯಾರ್ಥಿ.

1987ರ ಜುಲೈ ತಿಂಗಳು. ಬೆಳ್ತಂಗಡಿ ತಾಲ್ಲೂಕಿನಲ್ಲಿ ಘಟ್ಟದ ಬುಡದ ಒಂದು ಪ್ರೌಢಶಾಲೆಗೆ ನಾನು ಸೇರಿ ಎರಡು ವರ್ಷವಾಗಿತ್ತು. ಮಕ್ಕಳಿಂದ ಗಟ್ಟಿಯಾಗಿ ಓದಿಸುವುದರಲ್ಲಿ ನನಗೆ ವಿಶೇಷ ಶ್ರದ್ಧೆ. ಪದ್ಯದಲ್ಲಿ ಯತಿ ಎಲ್ಲಿ, ಗದ್ಯದಲ್ಲಿ ಅಲ್ಪವಿರಾಮ ಎಲ್ಲಿ ಎಂದರಿಯದವನು ಅರ್ಥವನ್ನೂ ಅರಿಯಲಾರನೆಂಬುದು ನನ್ನ ಸಿದ್ಧಾಂತ. ಆ ದಿನ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡೆರಡು ಪದಗಳಿಗೊಮ್ಮೆ ನಿಲ್ಲಿಸುತ್ತ ಓದಿದ. ಮನೆಯಲ್ಲಿ ಪುಸ್ತಕವನ್ನೇ ತೆರೆದಿಲ್ಲವೆಂದು ಭಾವಿಸಿ ಗದರಿದೆ, ಮೊದಲಿನಿಂದ ಓದೆಂದೆ. ಅವನು ಎರಡೂ ಕೈಗಳನ್ನು ಡೆಸ್ಕಿನ ಮೇಲೆ ಊರಿ ಮುಂದಕ್ಕೆ ಬಾಗಿದ. ಆ ಭಂಗಿಯೂ ನನಗೆ ಉದ್ಧಟತನವಾಗಿ ಕಂಡಿತು. "ನೆಟ್ಟಗೆ ನಿಲ್ಲು" ಎಂದೆ. ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು, "ಸಾರ್, ಅವನಿಗೆ ದಮ್ಮು. ನಿನ್ನೆ ರಾತ್ರಿಯಿಂದ ಹೀಗೆಯೇ ಇದ್ದಾನೆ" ಎಂದಳು.

ಹತ್ತಿರ ಹೋಗಿ ನೋಡಿದೆ. ಮೂಗಿನ ಹೊಳ್ಳೆಗಳು ಅರಳಿದ್ದವು. ಪ್ರತಿ ಉಸಿರಿಗೂ ಹೆಗಲು ಮೇಲೇಳುತ್ತಿತ್ತು. ಕೊರಳ ಬುಡದ ಗುಳಿ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ತುಟಿಯಲ್ಲಿ ನೀಲಿ ಛಾಯೆ. ಗಾಬರಿಯಿಂದ ಅವನನ್ನು ಬೆಂಚಿನ ಮೇಲೆ ಮಲಗಿಸಲು ಹೋದೆ. ಅವನು ನನ್ನ ಕೈಯನ್ನು ತಳ್ಳಿ ಎದ್ದು ಕುಳಿತ. ಮಲಗಿದರೆ ಉಸಿರು ಇನ್ನಷ್ಟು ಕಷ್ಟವೆಂಬುದು ನನಗೆ ಗೊತ್ತಿರದಿದ್ದರೂ ಅವನ ದೇಹಕ್ಕೆ ಗೊತ್ತಿತ್ತು. ಊರಿನ ಅಡಿಕೆ ವ್ಯಾಪಾರಿಯೊಬ್ಬರ ಜೀಪಿನಲ್ಲಿ, ಸುರಿವ ಮಳೆಯಲ್ಲಿ, ಪೇಟೆಗೆ ಹೊರಟೆವು. ಅರ್ಧ ದಾರಿಯಲ್ಲಿ ಅವನೆದೆಯ ಸುಂಯ್ ಎಂಬ ಸದ್ದು ನಿಂತಿತು. ಕಷ್ಟ ಕಳೆಯಿತೆಂದು ನಾನು ನಿರಾಳನಾದೆ.

ವೈದ್ಯರು ಎದೆಗೆ ಸ್ಟೆತಾಸ್ಕೋಪು ಇಟ್ಟವರೇ ಒಂದು ಮಾತೂ ಆಡದೆ ಆಮ್ಲಜನಕ ಹಚ್ಚಿದರು, ಚುಚ್ಚುಮದ್ದು ಕೊಟ್ಟರು. ಒಂದು ಗಂಟೆಯ ಬಳಿಕ ಎದೆ ಮತ್ತೆ ಸದ್ದು ಮಾಡತೊಡಗಿದಾಗಲೇ ಅವರ ಮುಖ ತಿಳಿಯಾದದ್ದು. "ಮಾಷ್ಟ್ರೇ, ಸದ್ದು ಬರಬೇಕಾದರೂ ಗಾಳಿ ಓಡಾಡಬೇಕಷ್ಟೆ? ನಳಿಗೆಗಳು ಪೂರ್ತಿ ಬಿಗಿದರೆ ಸದ್ದೇ ಇರುವುದಿಲ್ಲ. ಇನ್ನು ಮುಂದೆ ಎದೆ ಎಷ್ಟು ಹೆಣಗುತ್ತಿದೆ ಎಂಬುದನ್ನು ನೋಡಿ" ಎಂದರು. ಹುಡುಗ ವಾರದ ಮೇಲೆ ಶಾಲೆಗೆ ಬಂದ. ಅವನಿಂದ ಕುಳಿತೇ ಓದಿಸಿದೆ. ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಲ್ಲುತ್ತಿದ್ದ.

ಅವನದು ಆಸ್ತಮಾ. ಶ್ವಾಸನಾಳಗಳ ಸುತ್ತಣ ಸ್ನಾಯು ಬಿಗಿದು, ಒಳಪೊರೆ ಊದಿ, ಕಫ ಕಟ್ಟಿ ದಾರಿ ಕಿರಿದಾಗುವ ವ್ಯಾಧಿ. ಮಳೆಗಾಲದಲ್ಲಿ ನಮ್ಮ ಕಡೆಯ ಗೋಡೆಗಳಿಗೆ ಹಿಡಿಯುವ ಬೂಷ್ಟು, ಧೂಳು, ಹೊಗೆ, ನೆಗಡಿ ಯಾವುದೂ ಅದನ್ನು ಕೆರಳಿಸಬಹುದು. ಮುಂದೆ ನನಗೆ ಬಂಟ್ವಾಳಕ್ಕೆ ವರ್ಗವಾಯಿತು. ಅಲ್ಲಿ ಎಷ್ಟೋ ಮನೆಗಳಲ್ಲಿ ತಾಯಂದಿರು ಮಡಿಲಲ್ಲಿ ಗೆರಸೆಯಿಟ್ಟುಕೊಂಡು ದಿನವಿಡೀ ಬೀಡಿ ಕಟ್ಟುತ್ತಿದ್ದರು. ಮಕ್ಕಳ ಶಾಲೆಯ ಖರ್ಚು ಹುಟ್ಟುತ್ತಿದ್ದದ್ದು ಆ ದುಡಿಮೆಯಿಂದಲೇ. ಆದುದರಿಂದ ಅದನ್ನು ಹಳಿಯಲು ನನಗೆ ಬಾಯಿ ಬಾರದು. ಆದರೆ ಹೊಗೆಸೊಪ್ಪಿನ ನುಣುಪಾದ ಪುಡಿ ಆ ಕೋಣೆಯ ಗಾಳಿಯಲ್ಲೆಲ್ಲ ಇರುತ್ತಿತ್ತು. ತೊಟ್ಟಿಲೂ ಅದೇ ಕೋಣೆಯಲ್ಲಿರುತ್ತಿತ್ತು.

ಎಣಿಸುವುದನ್ನು ಯಾರಾದರೂ ಕಲಿಯಬಹುದು. ಮಗು ಅಳದೆ ಶಾಂತವಾಗಿರುವಾಗ ಎದೆ ಏರಿಳಿಯುವುದನ್ನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳಿಗಿಂತ ಎಳೆಯ ಶಿಶುವಿಗೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕೆಮ್ಮಿನ ಜೊತೆ ಇದು ಕಂಡರೆ, ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ನ್ಯುಮೋನಿಯಾ ಇರಬಹುದು. ದೊಡ್ಡವರು ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಲಾರದವನನ್ನು ಎಣಿಸುತ್ತ ಕೂರಬೇಕಾಗಿಲ್ಲ. 108ಕ್ಕೆ ಕರೆ ಮಾಡಬೇಕು. ನಮ್ಮ ರಾಜ್ಯದಲ್ಲಿ 2008ರಿಂದ ಈ ವಾಹನ ಬರುತ್ತಿದೆ; ನಮಗೆ ಅಂದು ಜೀಪಿಗಾಗಿ ಅಲೆಯಬೇಕಾಗಿತ್ತು.

ಎಲ್ಲ ಉಸಿರಿನ ಕಷ್ಟವೂ ಶ್ವಾಸಕೋಶದ್ದಲ್ಲ. ನಡುರಾತ್ರಿ ಎದ್ದು ಕುಳಿತು ಏದುವ, ಪಾದ ಬಾತ ಹಿರಿಯರಲ್ಲಿ ಸೋತಿರುವುದು ಹೃದಯವಾಗಿರಬಹುದು. ಜ್ವರವಿಲ್ಲದ ಮಗು ಆಡುತ್ತಾಡುತ್ತ ಒಮ್ಮೆಲೆ ಉಸಿರುಗಟ್ಟಿದರೆ ಕಡಲೆಕಾಯಿಯ ಬೀಜವೋ ಅಡಿಕೆಯ ಹೋಳೋ ಗಂಟಲಿಗಿಳಿದಿರಬಹುದು. ನಾಗರಹಾವಿನ ವಿಷವೇರಿದಾಗ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರಾಡಿಸುವ ಸ್ನಾಯುಗಳೇ ಸೋಲುತ್ತವೆ. ಅಲ್ಲಿ ಏದುಸಿರೂ ಇರುವುದಿಲ್ಲ. ಕೋವಿಡ್ ಬಂದ 2020 ಮತ್ತು 2021ರಲ್ಲಂತೂ ಚೆನ್ನಾಗಿಯೇ ಮಾತಾಡುತ್ತಿದ್ದ ಕೆಲವರ ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿರುತ್ತಿತ್ತು. ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರ ತೋರಿಸಿದ್ದನ್ನು ಕಣ್ಣು ಕಂಡಿರಲಿಲ್ಲ. ವೈದ್ಯರ ಮಾತಿಗೂ ಹೀಗೊಂದು ಮಿತಿಯುಂಟು.

ಅಮ್ಮನ ಸಂಗತಿ ಉಳಿಯಿತು. ಆ ವರ್ಷದ ದಸರಾ ರಜೆಯಲ್ಲಿ ಊರಿಗೆ ಹೋದಾಗ, ಗೋಡೆಗೊರಗಿ ತೂಕಡಿಸುತ್ತಿದ್ದ ಅವಳ ಉಸಿರನ್ನು ಎಣಿಸಿದೆ. 28. ಮಲಗಿ ನಿದ್ರಿಸುವುದನ್ನು ಅವಳು ಯಾವಾಗ ಬಿಟ್ಟಳೆಂಬುದು ನನಗೆ ತಿಳಿಯದೆ ಹೋಗಿತ್ತು. ಮಂಗಳೂರಿಗೆ ಕರೆದೊಯ್ದೆ. ಅಲ್ಲಿನ ವೈದ್ಯರು ಎಕ್ಸ್‌ರೇ ನೋಡಿ, "ಅಮ್ಮಾ, ಎಷ್ಟು ವರ್ಷದಿಂದ ಬೀಡಿ ಸೇದುತ್ತೀರಿ?" ಎಂದು ಕೇಳಿದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ವೈದ್ಯರು ನಗಲಿಲ್ಲ. "ಒಲೆಯ ಮುಂದೆ ಎಷ್ಟು ವರ್ಷ?" ಎಂದರು.

ಗ್ಯಾಸ್ ಒಲೆ ಬಂತು. ಬಚ್ಚಲಿನ ಹಂಡೆಗೆ ಬೆಂಕಿ ಹಾಕುವುದನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಡಲಿಲ್ಲ. ರಜೆಯ ಬೆಳಗುಗಳಲ್ಲಿ ನಾನು ಬಚ್ಚಲ ಬಾಗಿಲಲ್ಲಿ ಕೈಗಡಿಯಾರ ಹಿಡಿದು ನಿಲ್ಲುತ್ತಿದ್ದೆ. "ಅಲ್ಲೇನು ನೋಡುತ್ತೀ, ನೀರು ಕಾದಿದೆ, ಸ್ನಾನ ಮಾಡು" ಎನ್ನುತ್ತಿದ್ದಳು, ಮೂರು ಉಸಿರಿನಲ್ಲಿ.