ಹದಿನಾರು ಅಡಿ

“ನಿನಗೆ ಬರೋದು ಎರಡೇ ವಿಷಯ. ಒಂದು ನಾಯಿ, ಇನ್ನೊಂದು ಜಮಾ-ಖರ್ಚು. ಯಾವುದಾದರೂ ಒಂದರ ಮೇಲೆ ಬರೆದುಕೊಡು” ಎಂದು ನಮ್ಮ ಬಳಗದ ಸಂಪಾದಕ ಮಹಾಶಯರು ಕ್ಯಾಂಟೀನಿನಲ್ಲಿ ಅಪ್ಪಣೆ ಕೊಡಿಸಿದರು. ನನ್ನ ಮಟ್ಟಿಗೆ ಆ ಎರಡೂ ಒಂದೇ ಪುಸ್ತಕದಲ್ಲಿವೆ. ಕೆಂಪು ರಟ್ಟಿನ ಆ ಪುಸ್ತಕ ಈಗ ನನ್ನ ಮುಂದಿದೆ. ಮೊದಲ ಪುಟದ ಮೊದಲ ಸಾಲು: “ಕೈಗಾಡಿ, ಹಳೇದು, ನಾಲ್ಕು ಗಾಲಿ, ರೂ. 1,800.”

ನಾನು ಹತ್ತನೆಯವರೆಗೆ ಓದಿದ್ದು ಮುಧೋಳ ತಾಲೂಕಿನ ಹಳ್ಳಿಯ ಕನ್ನಡ ಶಾಲೆಯಲ್ಲಿ, ಮುತ್ಯಾನ ಮನೆಯಲ್ಲಿದ್ದುಕೊಂಡು. ಮುಧೋಳ ಅಂದರೆ ಹೊರಗಿನವರಿಗೆ ಬೇಟೆನಾಯಿ ನೆನಪಾಗುತ್ತದೆ. 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿಯೂ ಬಂತು. ಆದರೆ ನಮ್ಮ ಕಡೆ ಜನ ಮುಗಿಬೀಳುವುದು ತೆರಬಂಡಿಗೆ. ಬಂಡಿಗೆ ಭಾರ ಹೇರಿ ಜೋಡೆತ್ತು ಕಟ್ಟಿ, ಗೊತ್ತು ಮಾಡಿದ ಹೊತ್ತಿನೊಳಗೆ ಎಷ್ಟು ದೂರ ಎಳೆದವು ಅಂತ ಟೇಪು ಹಿಡಿದು ಅಳೆಯುತ್ತಾರೆ. ಮುತ್ಯಾನ ಎತ್ತುಗಳು ಒಮ್ಮೆಯೂ ಗೆದ್ದದ್ದು ನಾ ಕಾಣೆ. ಅವು ನಡುವೆ ನಿಂತುಬಿಡುತ್ತಿದ್ದವು, ಮುತ್ಯಾ ಬಾರಕೋಲು ಎತ್ತುತ್ತಿರಲಿಲ್ಲ, ಜನ ನಗುತ್ತಿದ್ದರು. ನನಗೆ ಆಗ ಅದೊಂದು ಅವಮಾನವೇ ಆಗಿತ್ತು.

2021ರಲ್ಲಿ ಅಪ್ಪ ಇರುವ ಡೊಂಬಿವಲಿಗೆ ಬಂದೆ. ಇಂಗ್ಲಿಷಿನ ಅಕೌಂಟೆನ್ಸಿ ಪುಸ್ತಕ ನೋಡಿ ಎದೆ ಒಣಗುತ್ತಿದ್ದ ದಿನಗಳವು. ‘ಸವಕಳಿ’ ಅಂದರೆ ತಿಳಿಯುತ್ತಿತ್ತು, ‘ಡಿಪ್ರಿಸಿಯೇಷನ್’ ಅಂದರೆ ಬೆವರು. ಸಂಜೆ ರೇತಿ ಬಂದರಿನ ಕಡೆ, ಖಾಡಿಯ ದಂಡೆಗೆ ಹೋಗಿ ಕೂರುತ್ತಿದ್ದೆ. ಅಲ್ಲಿಂದ ಒಂದು ಬೀದಿನಾಯಿ ಬೆನ್ನು ಹತ್ತಿ ಮನೆಗೆ ಬಂತು. ಅದೇ ಕಾಳ್ಯಾ. ನೀರಿನ ಕ್ಯಾನು ತರುವ ಗಾಡಿಗೆ ತಮಾಷೆಗೆ ಕಟ್ಟಿದರೆ ಎಳೆದುಕೊಂಡು ಹೊರಟೇಬಿಟ್ಟಿತು, ಬಾಲ ಎತ್ತಿಕೊಂಡು. ಪಕ್ಕದ ಬಿಲ್ಡಿಂಗಿನ ಕಾರ್ಕಳ ಮೂಲದ ಗೆಳೆಯ ಅದನ್ನು ನೋಡಿ, “ಇದು ಎಂಥ ಕಂಬಳ ಮಾರಾಯ!” ಎಂದ. ರಾತ್ರಿ ಅವನೇ ಫೋನಿನಲ್ಲಿ ಹುಡುಕಿ ತೋರಿಸಿದ. ಅಮೆರಿಕೆಯಲ್ಲಿ ಇದೊಂದು ಆಟ. ಇಂಟರ್‌ನ್ಯಾಷನಲ್ ವೇಯ್ಟ್ ಪುಲ್ ಅಸೋಸಿಯೇಷನ್ ಎಂಬ ಸಂಘ 1984ರಿಂದ ಇದನ್ನು ನಡೆಸುತ್ತ ಬಂದಿದೆ. 60 ಸೆಕೆಂಡಿನಲ್ಲಿ 16 ಅಡಿ. ನಾಯಿಯ ಮೈತೂಕಕ್ಕೆ ತಕ್ಕಂತೆ ಗುಂಪು. ವರ್ಷ ತುಂಬದ ಮರಿಗೆ ಪ್ರವೇಶವಿಲ್ಲ. ನಾಯಿಯನ್ನು ಮುಟ್ಟುವ ಹಾಗಿಲ್ಲ, ತಿಂಡಿ ತೋರಿಸುವ ಹಾಗಿಲ್ಲ, ಬಾಯಿಂದ ಕರೆಯಬಹುದು ಅಷ್ಟೇ.

ನಮ್ಮ ಗುಂಪು ಶುರುವಾದದ್ದು ನಾಲ್ಕು ಹುಡುಗರು, ಮೂರು ನಾಯಿಗಳಿಂದ. ಹೆಸರಿಲ್ಲ, ನೋಂದಣಿಯಿಲ್ಲ, ಪುಸ್ತಕ ಮಾತ್ರ ಇತ್ತು. ಕೊರಳಪಟ್ಟಿಗೆ ಹಗ್ಗ ಕಟ್ಟಿದರೆ ಉಸಿರು ಕಟ್ಟುತ್ತದೆ. ಭಾರ ಎದೆ ಮತ್ತು ಭುಜದ ಮೇಲೆ ಹರಡಬೇಕು. ಕಲ್ಯಾಣ ಸ್ಟೇಷನ್ನಿನ ಹೊರಗೆ ಬ್ಯಾಗು ಹೊಲಿಯುವವನೊಬ್ಬನ ಹತ್ತಿರ ಹಳೇ ಕಾರಿನ ಸೀಟ್ ಬೆಲ್ಟು ಒಯ್ದು, ಒಳಗೆ ಸ್ಪಂಜು ಇಟ್ಟು ಪಟ್ಟಿ ಹೊಲಿಸಿದೆವು. ಎಳೆಯುವ ಹಗ್ಗ ಹಿಂಗಾಲಿಗೆ ಉಜ್ಜದಂತೆ ಹಿಂದೆ ಅಡ್ಡಕೋಲು. ಮೂರು ಸಲ ಬಿಚ್ಚಿಸಿ ಹೊಲಿಸಿದ ಮೇಲೆ ಸರಿಹೋಯಿತು. ನಾಲ್ಕನೇ ಸಲ ಅವನು ದುಡ್ಡು ತೆಗೆದುಕೊಳ್ಳಲಿಲ್ಲ, ನಾಯಿ ನೋಡಬೇಕು ಅಂದ.

ತೂಕದ ವಿಷಯದಲ್ಲಿ ಒಂದು ಗುಟ್ಟು ಹೇಳುತ್ತೇನೆ. “ನಾಯಿ 200 ಕೆ.ಜಿ. ಎಳೆಯಿತು” ಅಂದರೆ ಜನ ಬಾಯಿ ಬಿಡುತ್ತಾರೆ. ಆದರೆ ಭಾರ ಇರುವುದು ಗಾಲಿಯ ಮೇಲೆ. ಒಮ್ಮೆ ಕೊಕ್ಕೆಯ ತಕ್ಕಡಿಯನ್ನು ನಡುವೆ ಸಿಕ್ಕಿಸಿ ನಾವೇ ಎಳೆದು ನೋಡಿದೆವು. ನುಣುಪಾದ ನೆಲದ ಮೇಲೆ 200 ಕೆ.ಜಿ.ಯ ಗಾಡಿ ಒಮ್ಮೆ ಉರುಳತೊಡಗಿದ ಮೇಲೆ ಮುಳ್ಳು ಏಳೆಂಟು ಕಿಲೋ ತೋರಿಸಿತು. ಅದೇ ಗಾಡಿ ಖಾಡಿ ದಂಡೆಯ ಮಣ್ಣಿನ ಮೇಲೆ ಇಪ್ಪತ್ತು ದಾಟಿತು. ಕಷ್ಟವಿರುವುದು ಮೊದಲ ಹೆಜ್ಜೆಯಲ್ಲಿ ಮತ್ತು ನೆಲದಲ್ಲಿ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಅಂಕಿಯಲ್ಲಿ ಅಲ್ಲ. ಇದು ನಮಗೆ ಗೊತ್ತಿತ್ತು. ನೋಡಲು ಬಂದವರಿಗೆ ನಾವು ಹೇಳಲಿಲ್ಲ. ಹೇಳಿದ್ದರೆ ಅಷ್ಟು ಜನ ಬರುತ್ತಿದ್ದರೋ ಇಲ್ಲವೋ.

ಬಂದರು. ವಿಡಿಯೋ ನೋಡಿ ಠಾಣೆಯಿಂದ ಬಂದರು, ಖಾರ್ಘರ್‌ನಿಂದ ಬಂದರು. 2023ರ ಕೊನೆಗೆ ನನ್ನ ಪುಸ್ತಕದಲ್ಲಿ 31 ನಾಯಿಗಳು. ಚಂದಾ ತಿಂಗಳಿಗೆ 100. ತಕ್ಕಡಿ, ಟೇಪು, ಎರಡನೇ ಗಾಡಿ, ನಾಯಿಗಳನ್ನು ಸಾಗಿಸಲು ಛೋಟಾ ಹಾತಿಯ ಬಾಡಿಗೆ, ಎಲ್ಲಕ್ಕೂ ಒಂದೊಂದು ಖಾತೆ ತೆರೆದೆ. ಜಮಾ ಬದಿ ಬೆಳೆಯುವುದನ್ನು ನೋಡುವ ಸುಖ ಕಾಮರ್ಸ್ ಓದುವವರಿಗೇ ಗೊತ್ತು. ಖರ್ಚು ಕಳೆದು ಉಳಿದ ರೂ. 6,240ನ್ನು ಕೆಂಪು ಮಸಿಯಲ್ಲಿ ಎರಡು ಗೆರೆ ಎಳೆದು ಬರೆದಾಗ, ನಾನೇ ಏನೋ ಎಳೆದ ಹಾಗಿತ್ತು.

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಗಳ ಆಮದು, ಮಾರಾಟ, ಸಾಕಣೆಗೆ ತಡೆ ಹಾಕಲು ಸುತ್ತೋಲೆ ಹೊರಡಿಸಿತು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟು ಅದನ್ನು ರದ್ದು ಮಾಡಿತು. ಆ ನಡುವಿನ ದಿನಗಳಲ್ಲಿ ಹೌಸಿಂಗ್ ಸೊಸೈಟಿಗಳ ವಾಟ್ಸ್‌ಆಪಿನಲ್ಲಿ ಬೆಂಕಿ ಹತ್ತಿತು. ಅಂಥ ನಾಯಿ ಸಾಕಿದ ಐದಾರು ಮಂದಿ ಬರುವುದನ್ನೇ ಬಿಟ್ಟರು. ಚಂದಾ ಕುಸಿಯಿತು. ನನಗೆ ಚಿಂತೆ ಹತ್ತಿತು. ನಾಯಿಯ ಚಿಂತೆಯಲ್ಲ, ಶಿಲ್ಕಿನ ಚಿಂತೆ.

ಅದೇ ಹೊತ್ತಿಗೆ ನವಿ ಮುಂಬೈಯ ಒಂದು ಕಡೆಯಿಂದ ಕರೆ ಬಂತು. ಅವರದೇನೋ ವಾರ್ಷಿಕ ಸಮಾರಂಭ, ನಮ್ಮ ನಾಯಿಗಳ ಪ್ರದರ್ಶನ ಬೇಕು, 15,000 ಕೊಡುತ್ತೇವೆ. ಹೊತ್ತು ಮಧ್ಯಾಹ್ನ ಎರಡು, ಯಾಕೆಂದರೆ ಊಟವಾದ ಮೇಲೆ ಜನ ಅಲ್ಲಿಯೇ ಇರುತ್ತಾರೆ. ನಾವು ಯಾವತ್ತೂ ಬೆಳಗ್ಗೆ ಆರಕ್ಕೆ ಶುರು ಮಾಡಿ ಎಂಟಕ್ಕೆ ಮುಗಿಸುವವರು. ಗೆಳೆಯ, “ಏಪ್ರಿಲ್‌ನಲ್ಲಿ ಎರಡು ಗಂಟೆಗಾ? ಬೇಡ ಮಾರಾಯ” ಎಂದ. ಚಪ್ಪರ ಇದೆಯಂತೆ, ನೀರಿದೆಯಂತೆ, ಎಂದು ವಾದಿಸಿದವನು ನಾನು. ಮುಂಗಡಕ್ಕೆ ರಸೀದಿ ಬರೆದವನೂ ನಾನೇ.

ನಮ್ಮಲ್ಲಿ ಕಲ್ಯಾಣದ ಕಾಕಾ ಒಬ್ಬರಿದ್ದರು. ಧಾರವಾಡದ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅವರ ಲ್ಯಾಬ್ರಡಾರ್ ರಾಣಿ. ಆ ದಿನ ಕಾಕಾ ಗಂಟಲು ಕಟ್ಟಿಕೊಂಡಿದ್ದರು. “ನೀನ ಕರಿಯೋ ತಮ್ಮಾ, ನಿನ್ನ ದನಿ ಅಕಿಗೆ ಗೊತ್ತದ” ಎಂದರು. ಚಪ್ಪರ ಇದ್ದದ್ದು ಕುರ್ಚಿಗಳ ಮೇಲೆ. ಗಾಡಿ ಉರುಳಬೇಕಾದ ಕಾಂಕ್ರೀಟು ಬಿಸಿಲಿಗೆ ಬಿದ್ದಿತ್ತು. ಫೋನು 38 ಡಿಗ್ರಿ ತೋರಿಸುತ್ತಿತ್ತು. ನಾನು ಬೂಟು ಹಾಕಿದ್ದೆ.

210 ಕೆ.ಜಿ. ರಾಣಿ ಮೊದಲ ಹೆಜ್ಜೆ ಸಲೀಸಾಗಿ ಕಿತ್ತಳು. ಒಂಬತ್ತನೇ ಅಡಿಗೆ ನಿಂತಳು. ಮುಂಗಾಲೊಂದನ್ನು ಎತ್ತಿ ನನ್ನನ್ನು ನೋಡಿದಳು. ಜನ ದೊಡ್ಡ ದನಿಯಲ್ಲಿ ಸೆಕೆಂಡು ಎಣಿಸುತ್ತಿದ್ದರು. ನಿಯಮವಿತ್ತು: ನಿಂತರೆ ಬಿಟ್ಟುಬಿಡುವುದು. ನಾನೇ ಬರೆದ ನಿಯಮ. ಆದರೂ ಇನ್ನೂ ಇಪ್ಪತ್ತೈದು ಸೆಕೆಂಡು ಇದೆಯಲ್ಲ ಅನ್ನಿಸಿತು. “ಬಾ ರಾಣಿ, ಬಾ ಬಾ” ಅಂದೆ. ಅವಳು ಕಾಲೂರಿ ಎಳೆದಳು. 16 ಅಡಿ, 51 ಸೆಕೆಂಡು. ಆ ದಿನದ ಪ್ರಥಮ ಅವಳೇ. ಚಪ್ಪಾಳೆ ಮುಗಿಯುವ ಹೊತ್ತಿಗೆ ನೆಲದ ಮೇಲೆ ಒದ್ದೆ ಗುರುತು ಕಂಡವು. ಚೆಲ್ಲಿದ ನೀರು ಅಂದುಕೊಂಡೆ. ನಾಲ್ಕೂ ಪಾದದ ಚರ್ಮ ಬೊಬ್ಬೆಯೆದ್ದು ಸುಲಿದಿತ್ತು.

ಕಾಕಾ ಬೈಯಲಿಲ್ಲ. ಮೂವತ್ತು ಕಿಲೋ ನಾಯಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಗೇಟಿನ ತನಕ ನಡೆದರು. ಟೆಂಪೋದಲ್ಲಿ ಕೂತ ಮೇಲೆ, “ಅಕಿ ನಿಂತಿದ್ಲು. ನೀ ಕರದಿ ಅಂತ ಬಂದ್ಲು” ಎಂದರು ಅಷ್ಟೇ. ಡಾಕ್ಟರ ಖರ್ಚು, ಔಷಧಿ, ಪಟ್ಟಿ ಸೇರಿ ರೂ. 4,300.

ಆ ವಾರ ನಾನು ಕಾಯ್ದೆ ಹುಡುಕಿ ಓದಿದೆ. ಮೊದಲೇ ಓದಬೇಕಿತ್ತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ 1965ರಲ್ಲಿ ಮಾಡಿದ ನಿಯಮಗಳಿವೆ, ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ. ಸಣ್ಣ ಎತ್ತಿಗೆ ಇಷ್ಟು, ದೊಡ್ಡ ಎತ್ತಿಗೆ ಇಷ್ಟು, ಗಾಳಿ ತುಂಬಿದ ಟೈರಿದ್ದರೆ ಇಷ್ಟು ಎಂದು ಕಿಲೋ ಲೆಕ್ಕದಲ್ಲಿ ಪಟ್ಟಿಯೇ ಇದೆ. ಕುದುರೆ, ಹೇಸರಗತ್ತೆ, ಒಂಟೆ ಎಲ್ಲ ಇವೆ. ನಾಯಿ ಇಲ್ಲ. ಆದರೆ ಇನ್ನೊಂದು ನಿಯಮವಿದೆ: ಉಷ್ಣತೆ 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಯಾವ ಪ್ರಾಣಿಯಿಂದಲೂ ಗಾಡಿ ಎಳೆಸಕೂಡದು. ಯಾವ ಪ್ರಾಣಿಯಿಂದಲೂ. ನಾನು ಹುಟ್ಟುವ ನಲವತ್ತು ವರ್ಷದ ಹಿಂದೆಯೇ ಯಾರೋ ಕೂತು ಬರೆದಿಟ್ಟಿದ್ದಾರೆ.

ಖಾರ್ಘರ್‌ನ ಹುಡುಗ ಬೇರೆ ವಾದ ಹೂಡಿದ. 2014ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿದ್ದ ಎತ್ತಿನಗಾಡಿ ಓಟಕ್ಕೇ 2021ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದಲ್ಲಿ ಷರತ್ತಿನ ಅನುಮತಿ ಸಿಕ್ಕಿತು, 2023ರ ಮೇ 18ರಂದು ಜಲ್ಲಿಕಟ್ಟು, ಕಂಬಳ, ಗಾಡಿ ಓಟ ಮೂರರ ಕಾನೂನುಗಳನ್ನೂ ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು, ಇನ್ನು ನಾಯಿಯದೇನು ದೊಡ್ಡದು, ಎಂದ. ಜಾಕ್ ಲಂಡನ್‌ನ 1903ರ ಕಾದಂಬರಿಯಲ್ಲಿ ಬಕ್ ಎಂಬ ನಾಯಿ ಸಾವಿರ ಪೌಂಡು ಎಳೆಯುವುದನ್ನೂ ನೆನಪಿಸಿದ. ಅದು ಕುಡಿದ ಅಮಲಿನ ಮಾತಿನಲ್ಲಿ ಶುರುವಾದ ಬಾಜಿ, ಎಂದು ಗೆಳೆಯ ನೆನಪಿಸಿದ. ಇಬ್ಬರೂ ಸಾಕಷ್ಟು ಕೂಗಾಡಿದರು. ನನಗೆ ಯಾರ ಮಾತೂ ಒಳಗಿಳಿಯಲಿಲ್ಲ. ರಾತ್ರಿ ಮುತ್ಯಾಗೆ ಫೋನು ಹಚ್ಚಿದೆ.

“ಮುತ್ಯಾ, ತೆರಬಂಡ್ಯಾಗ ನಮ್ಮ ಎತ್ತು ನಿಂತಾಗ ನೀ ಯಾಕ ಹೊಡೀತಿರಲಿಲ್ಲ?”

“ಯಾಕಂದ್ರ? ಅವು ಆಗೂದಿಲ್ಲ ಅಂದ್ವು, ನಿಲ್ಲಿಸಿದ್ನಿ. ನಾಳಿಗಿ ಹೊಲಕ್ಕ ಹೋಗೂದಿರಲಿಲ್ಲೇನು?” ಆಮೇಲೆ, “ಊಟ ಮಾಡ್ದೇನು?” ಎಂದು ಕೇಳಿ ಫೋನಿಟ್ಟ.

ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಮತ್ತೆ ಸೇರಿದಾಗ ಒಂಬತ್ತು ನಾಯಿಗಳು ಉಳಿದಿದ್ದವು. ಈಗ ಎಂಟರ ಮೇಲೆ ಗಾಡಿ ಮುಟ್ಟುವುದಿಲ್ಲ. ನೆಲಕ್ಕೆ ಅಂಗೈಯ ಹಿಂಭಾಗ ಒತ್ತಿ ಏಳು ಎಣಿಸುತ್ತೇವೆ, ಕೈ ತಾಳದಿದ್ದರೆ ಆಟವಿಲ್ಲ. ಕಾಂಕ್ರೀಟು ಪೂರಾ ಬಂದ್. ಬಹುಮಾನವಿಲ್ಲ, ಹಾಗಾಗಿ ವಿಡಿಯೋ ನೋಡುವವರೂ ಕಡಿಮೆ. ತೂಕದ ಅಂಕಿಯ ಪಕ್ಕ ನೆಲ ಯಾವುದೆಂದು ಬರೆಯುತ್ತೇವೆ. ಇನ್ನೊಂದು ಕಾಲಂ ಹಾಕಿದ್ದೇನೆ: “ಎಲ್ಲಿ ನಿಂತಿತು”. ಕಾಳ್ಯಾನ ಹೆಸರಿನ ಮುಂದೆ ಹೆಚ್ಚಿನ ವಾರ ಏಳು ಅಡಿ, ಎಂಟು ಅಡಿ. ಮಹಾ ಸೋಮಾರಿ. ನಿಂತ ಕೂಡಲೇ ಕುಂಡೆ ಊರಿ ಕೂತುಬಿಡುತ್ತಾನೆ, ಹೊಸಬರು ನಗುತ್ತಾರೆ.

ಕಾಕಾ ಬರಲಾರರು ಅಂದುಕೊಂಡಿದ್ದೆ. ಡಿಸೆಂಬರಿನ ಒಂದು ಬೆಳಗ್ಗೆ ರಾಣಿಯನ್ನು ಕರೆದುಕೊಂಡು ಬಂದರು. ಪಾದ ಮಾಗಿತ್ತು. ಗಾಡಿಯ ಹತ್ತಿರ ಹೋಗಿ ಮೂಸಿ ವಾಪಸು ಬಂದು ಅವರ ಕಾಲ ಬಳಿ ಮಲಗಿದಳು. ಯಾರೂ ಕರೆಯಲಿಲ್ಲ. ಕಾಕಾ ಪುಸ್ತಕ ಕೇಳಿ ತೆಗೆದುಕೊಂಡು, ಕನ್ನಡಕ ಏರಿಸಿ, ಏಪ್ರಿಲ್‌ನ ಪುಟ ತೆಗೆದರು. ರಾಣಿ, 210 ಕೆ.ಜಿ., 16 ಅಡಿ, 51 ಸೆಕೆಂಡು, ಪ್ರಥಮ. ನಾನು ಅದನ್ನು ಹೊಡೆದು ಹಾಕಿರಲಿಲ್ಲ. ಎದುರು ಪುಟದಲ್ಲಿ ‘ಕೊಡತಕ್ಕದ್ದು’ ಎಂಬ ತಲೆಬರಹದ ಕೆಳಗೆ ಡಾಕ್ಟರ ಖರ್ಚು ಇತ್ತು. ಜೇಬಿನಿಂದ ಲಕೋಟೆ ತೆಗೆದೆ. ಅದು ನಾಲ್ಕನೇ ಸಲ.

“ಇಟಗೋ” ಎಂದರು.

“ಕಾಕಾ, ಲೆಕ್ಕ ಮುಗಸಬೇಕಲ್ರೀ.”

“ಮುಗಸಬ್ಯಾಡ. ಹಂಗ ಇರಲಿ ಪುಸ್ತಕದಾಗ.” ಚಹಾದ ಗಾಡಿ ಬಂತೇನು ಎಂದು ಆಚೆ ನೋಡಿದರು.

ಮಾರ್ಚ್ 31ಕ್ಕೆ ಕೆಂಪು ಪುಸ್ತಕ ತುಂಬಿತು. ಹೊಸದರ ಮೊದಲ ಪುಟಕ್ಕೆ ಹಿಂದಿನ ಬಾಕಿ ಎತ್ತಿ ಬರೆದಿದ್ದೇನೆ: “ಕಾಕಾ ಅವರಿಗೆ, ರಾಣಿಯ ಬಾಬತ್ತು, ರೂ. 4,300.”