ಊರೀಯನ ಹೆಂಡತಿ

ದೋಷವುಳ್ಳ ಮನುಷ್ಯರ ಕೈಯಿಂದಲೂ ದೇವರು ತನ್ನ ಕಾರ್ಯವನ್ನು ನಡಿಸುವನೆಂಬ ಮಾತನ್ನು ನಾವೆಲ್ಲರೂ ಶಾಲೆಯಲ್ಲಿದ್ದಾಗ ಎಷ್ಟೋ ಸಾರೆ ಕೇಳಿದೆವು. ಯಾಕೋಬನು ಕಣ್ಣು ಕಾಣದ ತಂದೆಯನ್ನು ವಂಚಿಸಿದನು. ಮೋಶೆಯು ಐಗುಪ್ತ್ಯನೊಬ್ಬನನ್ನು ಕೊಂದು ಉಸುಕಿನಲ್ಲಿ ಮುಚ್ಚಿದನು. ಪೇತ್ರನು ಬೆಂಕಿ ಕಾಯಿಸಿಕೊಳ್ಳುತ್ತ ತನ್ನ ಒಡೆಯನನ್ನೇ ಅರಿಯೆನೆಂದನು. ಆದರೂ ದೇವರು ಇವರನ್ನು ತಳ್ಳಿಬಿಡಲಿಲ್ಲ. ಈ ಮಾತು ಸತ್ಯವೇ. ಆದರೆ ಅದನ್ನು ಹೇಳುವ ರೀತಿಯಲ್ಲಿ ಒಂದು ಕೊರತೆಯಿರುವದೆಂದು ವಯಸ್ಸಾದಂತೆ ನನಗೆ ತೋರುತ್ತ ಬಂದಿದೆ. ಕುಡಿದು ಬಂದು ಹೆಂಡತಿಯನ್ನು ಬಡಿಯುವವನ ಮನೆಗೆ ಹೋಗಿ, ದಾವೀದನಿಗೂ ಕ್ಷಮೆ ದೊರೆಯಿತಲ್ಲಾ ಎಂದು ಹೇಳಿ ಬರುವ ಹಿರಿಯರನ್ನು ಕಂಡಿದ್ದೇನೆ. ಆ ಹೆಂಡತಿಯೊಡನೆ ಒಂದು ಮಾತನ್ನಾದರೂ ಆಡಿದವರನ್ನು ಕಂಡದ್ದು ಕಡಿಮೆ.

ದಾವೀದನ ಸಂಗತಿಯು ಸಮುವೇಲನ ಎರಡನೆಯ ಗ್ರಂಥದ 11ನೆಯ ಅಧ್ಯಾಯದಲ್ಲಿದೆ. ದಂಡು ರಬ್ಬಾ ಪಟ್ಟಣವನ್ನು ಮುತ್ತಿರುವಾಗ ಅರಸನು ಯೆರೂಸಲೇಮಿನಲ್ಲಿಯೇ ಉಳಿದು, ದಂಡಿನಲ್ಲಿದ್ದ ಊರೀಯನ ಹೆಂಡತಿಯಾದ ಬತ್ಷೆಬೆಯನ್ನು ಕರೆತರಿಸಿದನು. ಆಕೆ ಬಸುರಾದಳೆಂದು ತಿಳಿದಾಗ ಊರೀಯನನ್ನು ಕರೆಯಿಸಿ ಮನೆಗೆ ಹೋಗೆಂದನು. ಜೊತೆಯವರು ಬೈಲಿನಲ್ಲಿ ಮಲಗಿರುವಾಗ ತಾನು ಮನೆಯ ಸುಖವನ್ನು ಒಲ್ಲೆನೆಂದು ಅವನು ಅರಮನೆಯ ಬಾಗಿಲಲ್ಲಿಯೇ ಮಲಗಿದನು. ಕಡೆಗೆ ಅವನ ಮರಣದ ಪತ್ರವನ್ನು ಅವನ ಕೈಯಲ್ಲಿಯೇ ಕೊಟ್ಟು ಯೋವಾಬನ ಬಳಿಗೆ ಕಳುಹಿಸಿದನು. ಪೂರ್ವಕಾಲದ ವೃತ್ತಾಂತಗಳನ್ನು ಬರೆದವನು ಅದೇ ರಬ್ಬಾದ ಯುದ್ಧವನ್ನು ಹೇಳಿಯೂ ಇದೆಲ್ಲವನ್ನು ಬಿಟ್ಟಿದ್ದಾನೆ. ಅರಸನ ಮಾನವನ್ನು ಕಾಯುವದು ಹೇಗೆಂಬದು ಅವನಿಗೆ ತಿಳಿದಿತ್ತು! ಸಮುವೇಲನ ಗ್ರಂಥವು ಮಾತ್ರ ಏನನ್ನೂ ಮುಚ್ಚಲಿಲ್ಲ.

ಪ್ರವಾದಿಯಾದ ನಾತಾನನು ಅರಸನಿಗೆ ಹೇಳಿದ ಸಾಮ್ಯವನ್ನು ರಾಯಬಾಗದ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಹಿಂಡು ತರುಬುವದನ್ನು ಕಂಡವರಿಗೆ, ಹಿಂಡುಳ್ಳವನು ಯಾರು, ಒಂದೇ ಮರಿಯುಳ್ಳವನು ಯಾರು ಎಂಬದು ಚೆನ್ನಾಗಿ ಗೊತ್ತು. ಮುಗಳಖೋಡದಲ್ಲಿ ನಮ್ಮ ಮನೆತನಕ್ಕೆ ಬೇಕಾದ ಒಬ್ಬ ಮುದುಕಿಗೆ ನಾನು ಈ ಅಧ್ಯಾಯಗಳನ್ನು ಓದಿ ಹೇಳಿದೆನು. ಆಕೆ ನಮ್ಮ ಸಭೆಯವಳಲ್ಲ. ಅಲ್ಲಿಯ ಯಲ್ಲಾಲಿಂಗರ ಮಠಕ್ಕೆ ನಡೆದುಕೊಳ್ಳುವವಳು. ದಾವೀದನು ತನ್ನ ಪಾಪವನ್ನು ಒಪ್ಪಿಕೊಳ್ಳುವ ತನಕ ಸುಮ್ಮನೆ ಕೇಳಿ, "ಅರಸಗ ಮಾಫಿ ಆತು, ಚಲೋ ಆತು. ಸತ್ತಾಂವಗ ಏನ್ ಸಿಕ್ತವಾ?" ಎಂದಳು.

ಕಲಿತ ಉತ್ತರಗಳಾವವೂ ಆ ಪ್ರಶ್ನೆಗೆ ಸಾಲವು. ದಾವೀದನ ಕೂಸು ಸತ್ತಿತು. ಅಮ್ನೋನ ಅಬ್ಷಾಲೋಮರ ಕಾಲದಲ್ಲಿ ಮನೆಯೊಳಗೇ ರಕ್ತ ಹರಿಯಿತು. ಅದು ಅರಸನಿಗಾದ ದಂಡನೆಯೇ ಹೊರತು ಊರೀಯನಿಗೆ ದೊರೆತದ್ದಲ್ಲ. ಆದರೆ ಅದೇ ಗ್ರಂಥದ 23ನೆಯ ಅಧ್ಯಾಯದಲ್ಲಿ ದಾವೀದನ ಪರಾಕ್ರಮಶಾಲಿಗಳ ಪಟ್ಟಿಯೊಂದಿದೆ, ಲೆಕ್ಕ 37. ಅದರ ಕಡೆಯ ಹೆಸರು ಹಿತ್ತಿಯನಾದ ಊರೀಯ. ಹುಟ್ಟಿನಿಂದ ಪರಕೀಯನು, ಅರಸನಿಂದಲೇ ಹತನಾದವನು. ಆದರೂ ಬರೆದವನು ಅವನ ಹೆಸರನ್ನು ಅಳಿಸಲಿಲ್ಲ.

ಮತ್ತಾಯನು ತನ್ನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಕರ್ತನ ವಂಶಾವಳಿಯನ್ನು ಬರೆಯುವಾಗ ತಾಮಾರ, ರಾಹಾಬ, ರೂತ ಎಂದು ಹೆಂಗಸರ ಹೆಸರುಗಳನ್ನು ಹೇಳುತ್ತಾನೆ. ಬತ್ಷೆಬೆಯ ಹೆಸರನ್ನು ಹೇಳುವದಿಲ್ಲ; ಹೆಂಗಸಾದ ನನಗೆ ಇದು ಅಷ್ಟಾಗಿ ಸೇರುವದಿಲ್ಲ. ಆದರೆ ಸೊಲೊಮೋನನು ಹುಟ್ಟುವಾಗ ಆಕೆ ದಾವೀದನ ಹೆಂಡತಿಯೇ ಆಗಿದ್ದಳು, ಊರೀಯನು ಮಣ್ಣಾಗಿ ಹೋಗಿದ್ದನು. ಸುಮಾರು ಸಾವಿರ ವರುಷಗಳ ತರುವಾಯ ಬರೆದ ಆ ಸಾಲಿನಲ್ಲಿ ಮತ್ತಾಯನು ಆಕೆಯನ್ನು ಇನ್ನೂ ಊರೀಯನ ಹೆಂಡತಿಯೆಂದೇ ಕರೆದಿದ್ದಾನೆ.