ಒಳ್ಳೆಯ ಎಲೆ ಬಂದಾಗ

ಸಾತ್‌ಬಾರಾ ಉತಾರೆಯಲ್ಲಿ ತಮ್ಮೊಬ್ಬರದೇ ಹೆಸರಿದೆಯೆಂದು ಒಡಹುಟ್ಟಿದವರ ಮೇಲೆ ದಾವೆ ಹೂಡಲು ಬರುವವರನ್ನು ವಿಶ್ರಾಮಬಾಗದ ನನ್ನ ಕಚೇರಿಯಲ್ಲಿ ಕಂಡಾಗಲೆಲ್ಲ ನನಗೆ ರಮ್ಮಿಯಾಟ ನೆನಪಾಗುತ್ತದೆ.

13 ಎಲೆಗಳಲ್ಲಿ ಎರಡು ಜೋಕರ್ ಬಂದರೂ, ಜೋಕರಿನ ನೆರವಿಲ್ಲದೆ ಒಂದೇ ಜಾತಿಯ ಮೂರು ಎಲೆಗಳು ಕ್ರಮವಾಗಿ ಕೂಡದಿದ್ದರೆ ಆಟ ಮುಗಿಯದು. ಎದುರಾಳಿ ಮೊದಲು ಮುಗಿಸಿದರೆ ಕೈಯಲ್ಲುಳಿದ ರಾಜ, ರಾಣಿಯರೇ ತಲಾ 10 ಅಂಕದ ಹೊರೆ. ಜಾಣನು ಮೊದಲು ಆ ಸಾಲನ್ನು ಕಟ್ಟುತ್ತಾನೆ. ಜೊತೆಗೂಡದ ದೊಡ್ಡ ಎಲೆಯನ್ನು ಬೇಗ ಬಿಡುತ್ತಾನೆ. 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದುದು ಹಿಡಿಯುವ, ಬಿಡುವ ಈ ವಿವೇಕವನ್ನು ಗಣಿಸಿಯೇ.

ಉತಾರೆಯೂ ಜೋಕರಿನಂತೆ: ಕಂದಾಯದ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಖರೀದಿಪತ್ರ, ವಾಟಣಿಪತ್ರಗಳ ಸಾಲು ಕೂಡಿದೆಯೇ ಎಂದು ಕೇಳುತ್ತೇನೆ. ಕೂಡದಿದ್ದರೆ ಹಟವನ್ನು ಕೆಳಗಿಟ್ಟು ಅಣ್ಣತಮ್ಮಂದಿರು ರಾಜಿಗೆ ಕೂಡುವುದೇ ಲೇಸು. ಹೊಲ ಹಂಚಿಹೋದರೂ ಮನೆ ಉಳಿಯುತ್ತದೆ.